ನಾಳೆರಾಯನ ವೈರಿಂಗ್

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅತ್ತೆ ಐದು ಲೋಟಗಳಿಗೆ ಚಹಾ ಸೋಸಿದರು. ಐದನೆಯದು ತುಂಬಿದ ಮೇಲೆ ಕೈ ನಿಂತಿತು. ಅದನ್ನು ಪಾತ್ರೆಗೆ ವಾಪಸು ಸುರಿದು, ಲೋಟ ತೊಳೆದು, ಅದರ ಜಾಗದಲ್ಲೇ ಕವುಚಿ ಇಟ್ಟರು.

ಹೊರಗೆ ಇನ್ನೂ ಬೆಳಕು ಹರಿದಿರಲಿಲ್ಲ. ಬೀದಿಯ ತುದಿಯಲ್ಲಿ ವ್ಯಾನು ನಿಂತ ಸದ್ದಾಯಿತು. ಪಂಪ್‌ಹೌಸಿನ ಬೆಳಗಿನ ಪಾಳಿಯವರು ಹತ್ತಿಕೊಳ್ಳುತ್ತಿದ್ದರು. ಊರಿಗೆ ನೀರು ಕೊಡುವ ಪಂಪ್‌ಹೌಸು ಗುಡ್ಡದ ಮೇಲಿದೆ. ಅಲ್ಲಿಗೆ ಇರುವುದು ಬರೀ ಕಲ್ಲುದಾರಿ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ಪಾಳಿಯವರನ್ನು ಕತ್ತಲಿರುವಾಗಲೇ ಜೀಪಿನಲ್ಲಿ ಕರೆದುಕೊಂಡು ಹೋಗುವುದು ಈ ಮನೆಯ ಕಸುಬು. ಮೊದಲು ಮಾವ ಓಡಿಸುತ್ತಿದ್ದರು, ಆಮೇಲೆ ನನ್ನ ಗಂಡ. ಇವರು ಸ್ನಾನದ ಮನೆಯಲ್ಲಿ ಕುಸಿದು, ಆಸ್ಪತ್ರೆ ಮುಟ್ಟುವ ಮೊದಲೇ ಹೋದ ಮೇಲೆ ವ್ಯಾನಿನವನು ಆ ಕೆಲಸ ಹಿಡಿದಿದ್ದ.

"ಕೇಳಿಸ್ತಾ?" ಎಂದರು ಮಾವ. "ನಮ್ಮ ಜನ ಆ ಡಬ್ಬದಲ್ಲಿ ಹೋಗ್ತಿದ್ದಾರೆ. ತಳ ಕಲ್ಲಿಗೆ ಉಜ್ಜಿ ಉಜ್ಜಿ ಒಂದಿನ ಕಳಚಿಕೊಂಡು ಬೀಳುತ್ತೆ."

"ಬೀಳಲಿ ಬಿಡಿ. ನಮಗೇನು?" ಎಂದರು ಅತ್ತೆ.

"ನಮಗೇನು ಅಂದ್ರೆ? ನಾಳೆಯಿಂದ..." ಮಾವ ಮಾತು ತಡೆದರು. ನಾಳೆ ಎಂಬ ಮಾತು ಈ ಮನೆಯಲ್ಲಿ ನನ್ನ ಗಂಡನದಾಗಿತ್ತು. "ಬೇಗ ನಾನೇ ಶುರು ಮಾಡ್ತೀನಿ."

ನಾದಿನಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ. ನಾಲಿಗೆಯೂ ಮಾತ್ರೆಯಷ್ಟೇ ಕಹಿ. "ಯಾವ ಲೈಟಲ್ಲಿ ಓಡಿಸ್ತೀರಪ್ಪ? ಮಿಣುಕು ಹುಳ ಹಿಡಿದು ಕಟ್ಟಿಕೊಳ್ತೀರಾ?"

"ಆ ವೈರಿಂಗು ಮುಗಿಸಿದ್ರೆ ಆಯ್ತು. ಅವನ ಕೈಯಲ್ಲಿ ಮುಗೀಲಿಲ್ಲ. ನನ್ನ ಕೈಯಲ್ಲಿ ಮುಗಿಯುತ್ತೆ."

ಐದನೆಯ ಲೋಟದ ಚಹಾ ಪಾತ್ರೆಯಲ್ಲಿ ಕೆನೆಗಟ್ಟಿತು.

ಆ ವೈರಿಂಗಿನ ವಿಷಯ ಹೇಳಬೇಕು. ಹಿಂದಿನ ವರ್ಷ ಒಂದು ಮುಂಜಾನೆ ಮಾವ ಗೇಟಿನ ಕಂಬಕ್ಕೆ ಜೀಪು ತಾಗಿಸಿದರು. ಆಮೇಲೊಂದು ದಿನ ಗುಡ್ಡದ ತಿರುವಿನಲ್ಲಿ ಮುಂದಿನ ಚಕ್ರ ದಾರಿ ಬಿಟ್ಟು ಕಮರಿಯ ಕಡೆಗೆ ಇಳಿಯಿತು. ಪಾಳಿಯವರು ಕೆಳಗಿಳಿದು ಎತ್ತಿ ತಳ್ಳಿದರು. ಎರಡು ಸಲವೂ ಮಾವ ಹೇಳಿದ್ದು ಒಂದೇ ಮಾತು: "ಹೆಡ್‌ಲೈಟ್ ಸತ್ತಿದೆ." ಜೀಪು ಹಳೆಯದು. ಲೈಟು ಮಂಕೆಂಬುದು ಸುಳ್ಳೂ ಅಲ್ಲ. ನನ್ನ ಗಂಡ ಒಂದು ರಾತ್ರಿ ಊಟದ ಮೇಜಿನ ಮೇಲೆ ಚಮಚಗಳನ್ನು ಜೋಡಿಸಿ ನಮಗೆ ವಿವರಿಸಿದರು.

"ಈಗ ಬ್ಯಾಟರಿಯ ಕರೆಂಟೆಲ್ಲ ಸಣ್ಣ ವೈರಲ್ಲಿ ಸ್ವಿಚ್ಚಿಗೆ ಬಂದು, ಅಲ್ಲಿಂದ ಸುತ್ತಿಕೊಂಡು ಲೈಟಿಗೆ ಹೋಗುತ್ತೆ. ಹೋಗೋ ಅಷ್ಟರಲ್ಲಿ ಅದಕ್ಕೇ ಸುಸ್ತು. ಬ್ಯಾಟರಿಯಿಂದ ಲೈಟಿಗೆ ನೆಟ್ಟಗೆ ದಪ್ಪ ವೈರು ಎಳೆದು, ಬ್ಯಾಟರಿ ಪಕ್ಕ ಒಂದು ಫ್ಯೂಸು, ಮಧ್ಯೆ ರಿಲೇ ಅನ್ನೋ ಪುಟ್ಟ ಡಬ್ಬಿ ಕೂರಿಸಿದ್ರೆ, ಸ್ವಿಚ್ಚು ಬರೀ ಅಪ್ಪಣೆ ಕೊಟ್ಟರೆ ಸಾಕು. ಹೊರೆ ಹೊರೋದು ರಿಲೇ."

"ಅಂದ್ರೆ ಸ್ವಿಚ್ಚು ಅಪ್ಪ, ರಿಲೇ ಅಮ್ಮ," ಎಂದಳು ನಾದಿನಿ. ಮಾವನೂ ನಕ್ಕರು.

"ಮುಗಿಯೋ ತನಕ ನಾನು ಓಡಿಸ್ತೀನಿ, ಈ ಮಂಕು ಲೈಟಲ್ಲಿ ನಿಮಗೆ ಯಾಕೆ ಕಷ್ಟ?" ಎಂದರು ಇವರು ಮಾವನಿಗೆ. "ಮುಗಿದ ದಿನ ಕೀ ನಿಮ್ಮ ಕೈಗೆ."

ಮುಗಿಯಲೇ ಇಲ್ಲ. ಬೇಸಿಗೆ ಕಳೆಯಿತು, ಮಳೆ ಕಳೆಯಿತು. ಭಾನುವಾರಗಳನ್ನೆಲ್ಲ ಇವರು ಜೀಪಿನ ಶೆಡ್ಡಿನಲ್ಲಿ ಕಳೆದರು. ಹಳೆಯ ವೈರು ಹಾಗೇ ಇತ್ತು, ಹೊಸದು ಅದರ ಪಕ್ಕದಲ್ಲಿ ಕೆಲಸಕ್ಕೆ ಬಾರದೆ ಮಲಗಿತ್ತು. ಕೇಳಿದಾಗಲೆಲ್ಲ ಒಂದೇ ಉತ್ತರ. "ಎಲ್ಲೋ ಕರೆಂಟು ಸೋರ್ತಿದೆ. ಮೀಟರ್ ಇಟ್ಟು ಹುಡುಕಬೇಕು. ನಾಳೆ." ಅದಕ್ಕೆಂದೇ ಬ್ಯಾಟರಿ ಅಂಗಡಿಯಿಂದ ಕರೆಂಟು ಅಳೆಯುವ ಮೀಟರನ್ನು ಎರವಲು ತಂದಿಟ್ಟುಕೊಂಡಿದ್ದರು. ನಾದಿನಿ ಅಣ್ಣನಿಗೆ ನಾಳೆರಾಯ ಎಂದು ಹೆಸರಿಟ್ಟಳು. ಮಾವ ಅದನ್ನು ಬಂದವರ ಎದುರೆಲ್ಲ ಹೇಳಿದರು. ಇವರು ಬೇಸರ ಮಾಡಿಕೊಳ್ಳಲಿಲ್ಲ.

ನೆಂಟರು ಹೋದ ಆ ವಾರವೇ ಪಂಪ್‌ಹೌಸಿನ ಸೂಪರ್‌ವೈಸರ್ ಮನೆಗೆ ಬಂದ. ಹಜಾರದಲ್ಲಿ ಕುರ್ಚಿಯ ಅಂಚಿನಲ್ಲಿ ಕೂತು, ಚಹಾ ಬೇಡವೆಂದು ಎರಡು ಸಲ ಹೇಳಿ ಕುಡಿದ.

"ಈ ತಿಂಗಳು ಕಾಯ್ತೀವಿ. ಆಮೇಲೆ ವ್ಯಾನಿನವನಿಗೇ ಗಟ್ಟಿ ಮಾಡಬೇಕಾಗುತ್ತೆ. ಮೇಲಿನವರು ಕೇಳ್ತಾರೆ."

"ತಿಂಗಳು ಯಾಕೆ? ವಾರದಲ್ಲಿ ನಾನೇ ಬರ್ತೀನಿ," ಎಂದರು ಮಾವ.

"ನೀವಾ?" ಎಂದ ಅವನು. ಆ ತಿರುವಿನಲ್ಲಿ ಇಳಿದು ತಳ್ಳಿದವರಲ್ಲಿ ಅವನೂ ಒಬ್ಬ. "ಲೈಟು ಸರಿಯಾದ್ರೆ ನಮಗೇನೂ ತಕರಾರಿಲ್ಲ ಯಜಮಾನ್ರೇ."

ಅವನು ಹೊರಟ ಕೂಡಲೇ ಮಾವ ನನ್ನನ್ನು ಕರೆದರು. "ಬಾ ಶೆಡ್ಡಿಗೆ. ನನ್ನ ಕನ್ನಡಕ ಎಲ್ಲೋ ಇದೆ. ನೀನು ಎಂ.ಎ. ಓದಿದವಳಲ್ವಾ, ವೈರಿನ ಬಣ್ಣ ಓದಿ ಹೇಳು."

ಹೋದೆ. ಆ ದಿನಗಳಲ್ಲಿ ಯಾರು ಕರೆದರೂ ಹೋಗುತ್ತಿದ್ದೆ, ಏನು ಕೊಟ್ಟರೂ ತಿನ್ನುತ್ತಿದ್ದೆ.

ಶೆಡ್ಡಿನ ದೊಡ್ಡ ಬಾಗಿಲು ಮುಚ್ಚಿತ್ತು. ಮನೆಯ ಕಡೆಯ ಸಣ್ಣ ಬಾಗಿಲಿನಿಂದ ಬೆಳಕು ಬರುತ್ತಿತ್ತು. ಮಾವ ಬಾನೆಟ್ ಎತ್ತಿ ಕೈ ಒಳಗೆ ಹಾಕಿದರು. ಕಣ್ಣಿನಿಂದಲ್ಲ, ಬೆರಳಿನಿಂದ ನೋಡುತ್ತಿದ್ದರು. ವೈರಿನ ಒಂದು ತುದಿ ಹಿಡಿದು ಇನ್ನೊಂದು ತುದಿಯವರೆಗೆ ಬೆರಳು ಓಡಿಸಿ, ಜೋಡಿಸಿದ ಕಡೆಯೆಲ್ಲ ಜಗ್ಗಿದರು. ಯಾವುದೂ ಕಳಚಲಿಲ್ಲ.

"ಇದು?"

"ಕೆಂಪು."

"ಇದು?"

"ಕಪ್ಪು. ಚಾಸಿಯ ಕಬ್ಬಿಣಕ್ಕೆ ಬಿಗಿದಿದೆ."

"ಕೆಲಸ ಕಳಪೆ ಅಲ್ಲ," ಎಂದರು ಮಾವ, ಮನಸ್ಸಿಲ್ಲದೆ. "ಮತ್ತೆ ಎಲ್ಲಿ ಸೋರ್ತಿದೆ? ಆ ಮೀಟರ್ ತಗೊ."

ಒಳಗೆ ಅವರ ಫೋನ್ ಹೊಡೆದುಕೊಂಡಿತು. ಹೋಗುವಾಗ ಸಣ್ಣ ಬಾಗಿಲ ಬಳಿ ನಿಂತು, ಪಾದದಿಂದ ಮೆಟ್ಟಿಲನ್ನು ತಡಕಿ, ಆಮೇಲೆ ಹತ್ತಿದರು. ಆ ಮೆಟ್ಟಿಲಿನ ಅಂಚಿಗೆ ಅತ್ತೆ ಬಿಳಿ ಬಣ್ಣ ಬಳಿಯುತ್ತಾರೆ. ಮಾಸಿದಾಗಲೆಲ್ಲ ಮತ್ತೆ ಬಳಿಯುತ್ತಾರೆ. ಮನೆಯೊಳಗಿನ ಓಣಿಯ ದೀಪವನ್ನು ರಾತ್ರಿ ಆರಿಸಲು ಬಿಡುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಹಜಾರದ ಸ್ಟೂಲನ್ನು ಕಿಟಕಿಯ ಹತ್ತಿರ ಎಳೆದದ್ದಕ್ಕೆ ಅವರು ನನ್ನ ಮೇಲೆ ರೇಗಿದ್ದರು. "ಈ ಮನೆಯಲ್ಲಿ ಯಾವುದೂ ಜಾಗ ಬಿಡಬಾರದು, ಇಟ್ಟಲ್ಲೇ ಇಡು." ಅಚ್ಚುಕಟ್ಟಿನ ಗೀಳು ಎಂದುಕೊಂಡಿದ್ದೆ.

ಮೀಟರಿನ ಪೆಟ್ಟಿಗೆ ತೆರೆದೆ. ಬ್ಯಾಟರಿಗೆ ಅದರ ಕಡ್ಡಿಗಳನ್ನು ಮುಟ್ಟಿಸಿದೆ. ಮುಳ್ಳು ಅಲುಗಲಿಲ್ಲ. ಸೆಲ್ ಮುಗಿದಿರಬೇಕು ಎಂದುಕೊಂಡು ಪೆಟ್ಟಿಗೆಯ ತಳದಲ್ಲಿ ಹುಡುಕಿದರೆ, ಬಟ್ಟೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಫ್ಯೂಸ್ ಸಿಕ್ಕಿತು. ಹೊಚ್ಚ ಹೊಸದು.

ಚಮಚಗಳ ಸಾಲು ನೆನಪಿತ್ತು. ಬ್ಯಾಟರಿ, ಅದರ ಪಕ್ಕದಲ್ಲೇ ಫ್ಯೂಸ್, ಆಮೇಲೆ ರಿಲೇ. ನೋಡಿದೆ. ಫ್ಯೂಸಿನ ಗೂಡು ಖಾಲಿ ಇತ್ತು. ಹಳೆಯ ಪ್ಲಗ್ಗುಗಳನ್ನು ಲೈಟಿನಿಂದ ಕಿತ್ತು, ರಿಲೇಗೆ ಅಪ್ಪಣೆ ಹೋಗಲೆಂದು ಹೊಸ ವೈರಿನ ಬಾಯಿಗೆ ಕೊಟ್ಟೆ, ಹೊಸ ಪ್ಲಗ್ಗುಗಳನ್ನು ಲೈಟಿಗೆ ಸಿಕ್ಕಿಸಿದೆ. ಎಲ್ಲವೂ ಅಳತೆ ಮಾಡಿ ಕತ್ತರಿಸಿದ ಹಾಗೆ ಸರಿಯಾಗಿ ಕೂತವು. ಫ್ಯೂಸ್ ಒತ್ತಿದೆ. ಸ್ವಿಚ್ ಎಳೆದೆ.

ಮುಚ್ಚಿದ ಬಾಗಿಲು ಬೆಳ್ಳಗಾಯಿತು. ಹಲಗೆಯ ಮೊಳೆಗಳ ತುಕ್ಕು ಕೂಡ ಕಾಣುತ್ತಿತ್ತು. ಎಲ್ಲೂ ಏನೂ ಸೋರುತ್ತಿರಲಿಲ್ಲ.

ಆರಿಸಿದೆ. ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡಿ ಫ್ಯೂಸನ್ನು ಜೇಬಿಗೆ ಹಾಕಿಕೊಂಡೆ.

"ಏನಾದ್ರೂ ಸಿಕ್ತಾ?" ಮಾವ ಬಾಗಿಲಲ್ಲಿ ನಿಂತಿದ್ದರು. ನಾನು ಇದ್ದ ಕಡೆಗಿಂತ ತುಸು ಆಚೆ ನೋಡುತ್ತಿದ್ದರು.

"ಇಲ್ಲ ಮಾವ," ಎಂದೆ. "ನಾಳೆ ನೋಡೋಣ."

ಅಡುಗೆಮನೆಯಲ್ಲಿ ಅತ್ತೆ ಆಲೂಗಡ್ಡೆ ಹೆಚ್ಚುತ್ತಿದ್ದರು. ನಾನು ಈರುಳ್ಳಿ ಸುಲಿಯಲು ಕೂತೆ.

"ಮಾವನಿಗೆ ಕತ್ತಲಲ್ಲಿ ಕಣ್ಣು ಕಾಣಲ್ಲ ಅಲ್ವಾ ಅತ್ತೆ?"

ಚಾಕು ನಿಲ್ಲಲಿಲ್ಲ. "ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ."

"ಹಾಗಿದ್ರೆ ನೀನೂ ಹೇಳಬೇಡ."

"ಇವರಿಗೆ ಗೊತ್ತಿತ್ತಾ?"

"ಹೀಗೇ ಬಂದು ಕೂತು ಕೇಳಿದ. ನಾನು ಉತ್ತರ ಕೊಡಲಿಲ್ಲ. ಮಾರನೇ ದಿನ ವೈರು ತಂದ."

"ಡಾಕ್ಟರಿಗೆ ತೋರಿಸ್ಲೇ ಇಲ್ವಾ?"

"ತೋರಿಸಿದ್ವಿ. ನಿನ್ನ ನಾದಿನಿ ಇನ್ನೂ ಶಾಲೆಗೆ ಹೋಗ್ತಿದ್ದಳು. ಕಣ್ಣಿನ ಹಿಂದಿನ ಪರದೆ ಅಂಚಿಂದ ಒಣಗ್ತಾ ಬರುತ್ತೆ, ಕತ್ತಲಲ್ಲಿ ಮೊದಲು ಹೋಗುತ್ತೆ, ಪಕ್ಕದ್ದು ಕಾಣಲ್ಲ, ಇದಕ್ಕೆ ಔಷಧಿ ಇಲ್ಲ ಅಂದ್ರು. ಹೊರಗೆ ಬಂದ ಮೇಲೆ ಇವರು ಹೇಳಿದ್ರು, ಆ ಡಾಕ್ಟರಿಗೆ ಏನೂ ಬರಲ್ಲ ಅಂತ. ನಾನು ಹೌದು ಅಂದೆ." ಅತ್ತೆ ಹೋಳುಗಳನ್ನು ನೀರಿಗೆ ಹಾಕಿದರು. "ಒಂದ್ಸಲ ಹೌದು ಅಂದವಳು ಆಮೇಲೆ ಯಾವ ಬಾಯಲ್ಲಿ ಇಲ್ಲ ಅನ್ನಲಿ?"

"ದಾರಿ ಪಕ್ಕ ಕಮರಿ ಇದೆ. ಹಿಂದೆ ಜನ ಕೂತಿರ್ತಾರೆ."

"ಗೊತ್ತು."

"ಮತ್ತೆ?"

"ಬೀದಿಯೆಲ್ಲ ಅವರನ್ನ ಏನಂತ ಕರೆಯುತ್ತೆ? ಜೀಪಿನವರು. ಆ ಮಾತು ತೆಗೆದರೆ ಉಳಿಯೋದೇನು? ನೀನು ಹೇಳ್ತೀಯಾ? ಹೇಳು, ಹೋಗು."

ಕೂತಲ್ಲೇ ಈರುಳ್ಳಿ ಸುಲಿದು ಮುಗಿಸಿದೆ.

ಮುಂದಿನ ದಿನಗಳಲ್ಲಿ ಊಟಕ್ಕೆ ಕೂತರೆ ಜಗಳ. ಮಾವ ನನ್ನನ್ನು ನಾಳೆರಾಯನ ಶಿಷ್ಯೆ ಎಂದರು. ಬ್ಯಾಟರಿ ಅಂಗಡಿಯವನನ್ನೇ ಕರೆಸುತ್ತೇನೆ ಎಂದರು; ಅವನು ಮಗಳ ಊರಿಗೆ ಹೋಗಿದ್ದಾನೆಂದು ತಿಳಿದು ಅವನಿಗೂ ಬೈದರು. ನಾದಿನಿ ಅನ್ನದ ತಟ್ಟೆ ಸರಿಸಿ ಎದ್ದಳು.

"ನಾನು ಓಡಿಸ್ತೀನಿ ಅಂತ ಎಷ್ಟು ಸಲ ಹೇಳಲಿ? ನನ್ನ ಅಂಗಡಿ ತೆರೆಯೋದು ಹತ್ತಕ್ಕೆ. ಅಣ್ಣ ಕಲಿಸಿದ್ದಾನೆ. ಲೈಸೆನ್ಸ್ ಇದೆ."

"ಮೈದಾನದಲ್ಲಿ ಗಿರಗಿಟ್ಟಲೆ ಹೊಡೆದಿದ್ದು ಡ್ರೈವಿಂಗಾ? ಅದು ಗುಡ್ಡ ಕಣೇ."

"ಗುಡ್ಡಕ್ಕೂ ಕರ್ಕೊಂಡು ಹೋಗಿದ್ದ. ನಿಮಗೆ ಹೇಳಿರಲಿಲ್ಲ, ಅಷ್ಟೇ."

"ಹೇಳದೆ ಇದ್ದಿದ್ದು ಇನ್ನೇನೇನಿದೆ ಈ ಮನೇಲಿ?"

ಅತ್ತೆ ಅವರ ತಟ್ಟೆಗೆ ಬೇಳೆ ಬಡಿಸಿದರು. ತಟ್ಟೆಯ ಎಡಕ್ಕೆ, ಯಾವಾಗಲೂ ಬಡಿಸುವಲ್ಲಿ. ನಾನು ನೀರು ಕುಡಿದೆ.

"ಸೋಮವಾರ ನಾನು ಹೊರಡ್ತಿದ್ದೀನಿ," ಎಂದರು ಮಾವ. "ಹಳೇ ಲೈಟಲ್ಲೇ. ಸೂಪರ್‌ವೈಸರಿಗೆ ಹೇಳಿಯಾಯ್ತು. ಲೈಟು ರೆಡಿ ಅಂದಿದ್ದೀನಿ."

"ಸುಳ್ಳು ಹೇಳಿದ್ರಾ?" ಎಂದಳು ನಾದಿನಿ.

"ದಾರಿ ನನಗೆ ಕಣ್ಣು ಮುಚ್ಚಿದ್ರೂ ಗೊತ್ತು."

ಅತ್ತೆಯ ಕೈಯ ಸೌಟು ಪಾತ್ರೆಗೆ ತಗುಲಿ ಸದ್ದಾಯಿತು.

ಭಾನುವಾರ ಸಂಜೆ ನಾದಿನಿಯನ್ನು ಶೆಡ್ಡಿಗೆ ಕರೆದೊಯ್ದು ಫ್ಯೂಸ್ ತೋರಿಸಿದೆ. ಮಾವನ ಕಣ್ಣಿನ ವಿಷಯವೂ ಸೇರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಜೀಪಿನ ಬಂಪರಿನ ಮೇಲೆ ಕೂತುಬಿಟ್ಟಳು.

"ಅಣ್ಣ ಮುಗಿಸಿದ್ನಾ?"

"ಯಾವತ್ತೋ."

"ನಾನು ಅವನನ್ನ ದಿನಾ... ದಿನಾ ಆಡಿಕೊಂಡೆ ಅತ್ತಿಗೆ. ಒಂದು ದಿನವಾದ್ರೂ ಬಾಯಿ ಬಿಡಬಾರದಿತ್ತಾ?" ದುಪಟ್ಟಾದಲ್ಲಿ ಮೂಗು ಒರೆಸಿಕೊಂಡಳು. "ಹೋಗಿ ಅಪ್ಪನಿಗೆ ಹೇಳಿಬಿಡೋಣ."

"ಯಾರು ಹೇಳೋದು?"

ಅವಳು ನನ್ನ ಮುಖ ನೋಡಿದಳು. ಆಮೇಲೆ ಎದ್ದು ಬಾನೆಟ್ ಎತ್ತಿದಳು. "ಸಿಕ್ಕಿಸು. ಇನ್ನು ಅಪ್ಪ ತಪ್ಪನ್ನ ಲೈಟಿನ ತಲೆ ಮೇಲೆ ಹೊರಿಸೋಕೆ ಆಗಬಾರದು."

ಅವಳು ಟಾರ್ಚು ಹಿಡಿದಳು. ನಾನು ಸಿಕ್ಕಿಸಿದೆ.

ಸೋಮವಾರ ಇನ್ನೂ ಕತ್ತಲಿರುವಾಗಲೇ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶೆಡ್ಡಿಗೆ ಬಂದರು. ನಾನು ಪಕ್ಕದ ಸೀಟಿನಲ್ಲಿ ಕೂತಿದ್ದೆ.

"ನೀನ್ಯಾಕೆ?"

"ಮೊದಲ ದಿನ. ನಾನೂ ಬರ್ತೀನಿ ಮಾವ. ವೈರಿಂಗು ಆಗಿದೆ, ಹಾಕಿ ನೋಡಿ."

"ಆಗಿದೆಯಾ?" ಅವರ ಕೈ ಒಂದೇ ಸಲಕ್ಕೆ ಸ್ವಿಚ್ಚನ್ನು ಕಂಡುಕೊಂಡಿತು. ನಾದಿನಿ ದೊಡ್ಡ ಬಾಗಿಲು ತೆರೆದಿದ್ದಳು. ಬೆಳಕು ಅಂಗಳ ದಾಟಿ, ಗೇಟು ದಾಟಿ, ಎದುರು ಮನೆಯ ಗೋಡೆಗೆ ಬಡಿಯಿತು. ಮಾವ ಉಸಿರೆಳೆದುಕೊಂಡರು. "ನೋಡು! ಹಗಲಿದ್ದ ಹಾಗಿದೆ. ನಾನು ಹೇಳ್ತಾನೇ ಇದ್ದೆ, ಲೈಟಿನದ್ದೇ ದೋಷ ಅಂತ."

ಅವರ ಮುಖದಲ್ಲಿ ನಗು ಇತ್ತು. ಇವರ ನಗುವಿನಂಥದ್ದೇ. ನಾನು ಎದುರು ನೋಡಿದೆ.

ಜೀಪು ನಿಧಾನವಾಗಿ ಗೇಟಿನ ಕಡೆಗೆ ಸಾಗಿತು. ಬೆಳಕಿನ ಅಂಚಿನಲ್ಲಿ, ಮಾವನ ಕಡೆಯ ಕಂಬಕ್ಕಿಂತ ಈಚೆಗೆ, ಅತ್ತೆ ನಿಂತಿದ್ದರು. ಕೈಯಲ್ಲಿ ಊಟದ ಡಬ್ಬಿ. ಅವರು ಹೊರಗೆ ಬಂದದ್ದು ನನಗೂ ಗೊತ್ತಿರಲಿಲ್ಲ. ಮಾವ ಕಂಬಕ್ಕೆ ಹತ್ತಿರ ಹಿಡಿದೇ ಓಡಿಸುತ್ತಿದ್ದರು. ಅತ್ತೆ ಅಲುಗಲಿಲ್ಲ.

"ನಿಲ್ಲಿಸಿ ಮಾವ."

"ಯಾಕೆ?"

"ನಿಲ್ಲಿಸಿ!"

ಬ್ರೇಕು ಬಿತ್ತು. ನನ್ನ ಹಣೆ ಮುಂದಿನ ಕಂಬಿಗೆ ತಗುಲಿತು.

"ದಾರಿ ಖಾಲಿ ಇದೆಯಲ್ಲ, ಏನಾಯ್ತು ನಿನಗೆ?"

"ಅತ್ತೆ ಎಲ್ಲಿದ್ದಾರೆ ಮಾವ?"

"ಎಲ್ಲಿರ್ತಾಳೆ? ಅಡುಗೆಮನೇಲಿ."

"ಇಲ್ಲಿದ್ದೀನಿ ರೀ," ಎಂದರು ಅತ್ತೆ.

ದನಿ ಮಾವನ ಮೊಣಕೈಯ ಹತ್ತಿರದಿಂದ ಬಂತು. ಅವರು ಇಡೀ ತಲೆ ತಿರುಗಿಸಿದರು. ಕೈ ಚಾಚಿದರು. ಬೆರಳು ಅತ್ತೆಯ ಭುಜಕ್ಕೆ ತಗುಲಿತು, ಅಲ್ಲೇ ನಿಂತಿತು.

"ಎಷ್ಟು ಹೊತ್ತಿಂದ ನಿಂತಿದ್ದೀಯ?"

"ನೀವು ಲೈಟು ಹಾಕೋಕೆ ಮುಂಚಿಂದ."

"ತಗುಲಿದ್ರೆ?"

ಅತ್ತೆ ಡಬ್ಬಿಯನ್ನು ಅವರ ತೊಡೆಯ ಮೇಲಿಟ್ಟರು. "ಮರೆತು ಹೊರಟಿದ್ರಿ," ಎಂದರು.

ಮಾವ ಎಂಜಿನ್ ಆರಿಸಿದರು. ಲೈಟು ಆರಿಸಲಿಲ್ಲ. ಬಹಳ ಹೊತ್ತು ಎದುರು ಮನೆಯ ಗೋಡೆಯನ್ನು ನೋಡಿದರು.

"ಇದನ್ನ ಯಾವಾಗ ಮುಗಿಸಿದೆ ನೀನು?"

"ನಾನಲ್ಲ ಮಾವ. ಇವರೇ ಮುಗಿಸಿದ್ದರು, ತುಂಬ ಹಿಂದೆ. ಫ್ಯೂಸ್ ಒಂದು ತೆಗೆದಿಟ್ಟಿದ್ದರು."

"ತೆಗೆದಿಟ್ಟು?"

"ನಾಳೆ ಅಂತಿದ್ದರು."

ಮಾವ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದರು. ಅದು ಮೊದಲೇ ಬಿಗಿಯಾಗಿತ್ತು. ಆಮೇಲೆ ಕೆಳಗಿಳಿದು, ಜೀಪಿನ ಮೂತಿಯನ್ನು ಕೈಯಿಂದ ಸವರಿಕೊಂಡು ಸುತ್ತಿ ಬಂದು, ನನ್ನ ಬಾಗಿಲು ತೆರೆದರು.

"ಹಿಂದೆ ಹೋಗು. ಇದು ನನ್ನ ಜಾಗ."

ಗೇಟಿನ ಬಳಿ ನಿಂತಿದ್ದ ಮಗಳ ಹೆಸರು ಹಿಡಿದು ಕೂಗಿದರು. ಅವಳು ಚಪ್ಪಲಿ ಕಳಚಿ ಬರಿಗಾಲಿನಲ್ಲಿ ಸ್ಟಿಯರಿಂಗ್ ಹಿಂದೆ ಕೂತಳು.

"ಕ್ಲಚ್ ಪೂರ್ತಿ ಒತ್ತು."

"ಒತ್ತಿದ್ದೀನಪ್ಪ."

"ಒತ್ತಿಲ್ಲ. ಸದ್ದಲ್ಲೇ ಗೊತ್ತಾಗುತ್ತೆ. ಕಿವಿ ಸರಿಯಾಗಿದೆ ನನಗೆ."

ಪಾಳಿಯವರು ಹತ್ತಿದರು. ಸ್ಟಿಯರಿಂಗಿನಲ್ಲಿ ಹುಡುಗಿಯನ್ನು ಕಂಡು ಸೂಪರ್‌ವೈಸರ್ ಬಾಯಿ ತೆರೆದ. ಮಾವ ಅವನನ್ನು ಬೇಗ ಹತ್ತಲು ಹೇಳಿದರು. ಗುಡ್ಡದ ಉದ್ದಕ್ಕೂ ಅವರು ಹೇಳುತ್ತಲೇ ಇದ್ದರು: ಈಗ ಬಂಡೆ ಬರುತ್ತೆ, ಈಗ ಎಡಕ್ಕೆ ಹಿಡಿ, ಇಲ್ಲಿ ಕಲ್ಲು ಸಡಿಲ, ಗೇರು ಇಳಿಸು. ಒಂದೂ ತಪ್ಪಲಿಲ್ಲ. ತಿರುವಿನಲ್ಲಿ ಬೆಳಕು ಕಮರಿಯ ಆಚೆಗೆ ಹಾರಿ ಏನನ್ನೂ ಮುಟ್ಟದೆ ಹೋಯಿತು.

ಆಮೇಲೆ ಎಷ್ಟೋ ದಿನ ಮಾವ ನನ್ನೊಡನೆ ಮಾತು ಬಿಟ್ಟರು. ನಾನು ಬಡಿಸಿದರೆ ತಿನ್ನುತ್ತಿದ್ದರು, ಸಾಕು ಎನ್ನಲು ಕೈ ಅಡ್ಡ ಹಿಡಿಯುತ್ತಿದ್ದರು. ಮಗಳೊಡನೆ ಮಾತ್ರ ದಿನಾ ಬೆಳಿಗ್ಗೆ ಹೋಗಿ, ಬಂದು, ಅವಳ ಗೇರು ಬದಲಿಸುವ ರೀತಿಯನ್ನು ಅತ್ತೆಗೆ ಬಣ್ಣಿಸಿ ಬೈಯುತ್ತಿದ್ದರು. ಅವಳು ತಿರುಗಿ ಬೈಯುತ್ತಿದ್ದಳು. ಹಜಾರದ ಸ್ಟೂಲು ಇದ್ದಲ್ಲೇ ಇತ್ತು.

ಒಂದು ಸಂಜೆ ನಾನು ಬಟ್ಟೆ ಮಡಚುತ್ತಿದ್ದಾಗ, ಗೋಡೆಗೆ ಹೇಳುವಂತೆ ಹೇಳಿದರು: "ಆ ಮೀಟರ್ ಇನ್ನೂ ಶೆಡ್ಡಲ್ಲೇ ಇದೆ. ಎರವಲು ತಂದಿದ್ದು. ಕೊಟ್ಟು ಬಾ."

ಮರುದಿನ ಅದನ್ನು ಒರೆಸಿ ಪೆಟ್ಟಿಗೆಗೆ ಹಾಕಿ ತೆಗೆದುಕೊಂಡು ಹೋದೆ. ಬ್ಯಾಟರಿ ಅಂಗಡಿಯವನು ಊರಿನಿಂದ ಬಂದಿದ್ದ. ನನ್ನನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಸ್ಟೂಲು ಮುಂದಿಟ್ಟ. ನಾನು ಕೂರಲಿಲ್ಲ.

"ತಡವಾಯ್ತು. ಸೆಲ್ ಹೋಗಿದೆ ಅನ್ನಿಸುತ್ತೆ, ಹೊಸದು ಹಾಕಿಸಿಕೊಡ್ತೀನಿ."

ಅವನು ಪೆಟ್ಟಿಗೆ ತೆರೆದು ನೋಡಿದ. "ಸೆಲ್ ಅಲ್ಲಮ್ಮ. ಇದು ಒಳಗೇ ಸುಟ್ಟು ಹೋಗಿದ್ದು. ಕೊಡುವಾಗಲೇ ಅವನಿಗೆ ಹೇಳಿದ್ದೆ, ಇದು ಸತ್ತಿದೆ, ಒಳ್ಳೇದು ಕೊಡ್ತೀನಿ ತಗೊ ಅಂತ. ಬೇಡ, ಇದೇ ಬೇಕು ಅಂದ. ಯಾಕೋ ಅಂದ್ರೆ ನಕ್ಕ." ಅವನು ಮೀಟರಿನ ಗಾಜನ್ನು ಹೆಬ್ಬೆರಳಿನಿಂದ ಉಜ್ಜಿದ. "ಸತ್ತಿದ್ದಾದ್ರೂ ನನ್ನದಪ್ಪ, ಯಾವಾಗ ತಂದುಕೊಡ್ತೀಯ ಅಂತ ಕೇಳಿದೆ."

"ಏನಂದರು?"

ಅವನು ತಲೆ ತಗ್ಗಿಸಿದ. "ನಾಳೆ ಅಂದ."

ಪೆಟ್ಟಿಗೆಯ ಮುಚ್ಚಳ ಹಾಕಿ ಅವನ ಮೇಜಿನ ಮೇಲೆ ಸರಿಸಿದೆ.

"ತಂದಿದ್ದೀನಿ," ಎಂದೆ.